ಕಿವಿಯೊಂದೇ ಸಾಲದು, ಬಾಯಿಯೂ ಬೇಕು

ಶಾಲೆಯ ಮೆಟ್ಟಿಲು ಹತ್ತಲಾಗದೆ ಗಿರಣಿ ಸೇರಿದವರಿಗೆ, ಎಳವೆಯಲ್ಲೇ ತಕ್ಕಡಿ ಹಿಡಿದವರಿಗೆ ರೇಡಿಯೋ ಶಾಲೆಯಾಗಬಲ್ಲದೆಂದು ಬಡದೇಶಗಳ ಸರ್ಕಾರಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಮಾತು ಸುಳ್ಳಲ್ಲ. ಅಕ್ಷರ ಬಾರದವರಿಗೂ ರೇಡಿಯೋ ತಿಳಿಯುತ್ತದೆ. ಅದಕ್ಕೆ ವಯಸ್ಸಿನ ಕಟ್ಟಿಲ್ಲ, ಫೀಜಿಲ್ಲ. ಆದರೆ ಯಾವ ರೇಡಿಯೋ ಕಲಿಸುತ್ತದೆ, ಯಾವುದು ಬರಿಯ ಸದ್ದು ಮಾಡುತ್ತದೆ? ಇದಕ್ಕೆ ಉತ್ತರ ನಮ್ಮ ದೇಶದಲ್ಲೇ 1956ರಲ್ಲಿ ಸಿಕ್ಕಿದೆ.

ಆ ವರ್ಷ ಆಕಾಶವಾಣಿಯು ಯುನೆಸ್ಕೋ ನೆರವಿನಿಂದ ಆಗಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳ 150 ಹಳ್ಳಿಗಳಲ್ಲಿ ರೈತರ ರೇಡಿಯೋ ಕೂಟಗಳನ್ನು ಕಟ್ಟಿತು. ವಾರಕ್ಕೆರಡು ಸಂಜೆ ಊರವರು ಒಂದೆಡೆ ಕೂತು ಅರ್ಧ ಗಂಟೆ ಕೇಳುವುದು, ಕಾರ್ಯಕ್ರಮ ಮುಗಿದೊಡನೆ ತಮ್ಮತಮ್ಮಲ್ಲೇ ಚರ್ಚೆಗಿಳಿಯುವುದು, ತಿಳಿಯದ್ದನ್ನು ಬರೆದು ನಿಲಯಕ್ಕೆ ಕಳಿಸುವುದು, ನಿಲಯದವರು ಉತ್ತರಿಸುವುದು. ಇಂಥ 20 ಪ್ರಸಾರಗಳಾದ ಮೇಲೆ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಪರವಾಗಿ ಪಾಲ್ ನ್ಯೂರಾತ್ ಅವರು ಫಲವನ್ನು ಅಳೆದರು. ಕೂಟವಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಎದ್ದು ಕಾಣುವಷ್ಟು ಹೆಚ್ಚಿತ್ತು. ಕೂಟವಿಲ್ಲದ ಕಡೆ, ರೇಡಿಯೋ ಇದ್ದ ಹಳ್ಳಿಗಳಲ್ಲಿ ಕೂಡ, ಆದ ಹೆಚ್ಚಳ ತೀರ ಅಲ್ಪ. ಕೇಳಿದವರು ಮರಳಿ ಮಾತಾಡಿದಲ್ಲಿ ಮಾತ್ರ ರೇಡಿಯೋ ಕಲಿಸಿತು.

1959ರಿಂದ ಈ ಕೂಟಗಳನ್ನು ದೇಶಕ್ಕೆಲ್ಲ ಹರಡಲಾಯಿತು. ಆದರೆ ಹಳ್ಳಿಗೊಂದು ಪೆಟ್ಟಿಗೆ ಕೊಟ್ಟಷ್ಟು ಸುಲಭವಲ್ಲ, ಹಳ್ಳಿಯ ಪ್ರಶ್ನೆಗೆ ಉತ್ತರ ಕೊಡುವುದು. ಕಾಲಕ್ರಮದಲ್ಲಿ ಅನೇಕ ಕೂಟಗಳು ಕಡತದಲ್ಲಷ್ಟೇ ಉಳಿದವು.

ದಕ್ಷಿಣ ಅಮೆರಿಕದ ಬೊಲಿವಿಯಾದ ತವರ ಗಣಿಯ ಕಾರ್ಮಿಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1940ರ ದಶಕದ ಕೊನೆಯಿಂದ ತಮ್ಮ ಕೂಲಿಯ ಪಾಲನ್ನು ಕೂಡಿಹಾಕಿ ಸಂಘಗಳ ಹೆಸರಿನಲ್ಲೇ ರೇಡಿಯೋ ನಿಲಯಗಳನ್ನು ನಡೆಸಿದರು. ಅವುಗಳಲ್ಲಿ ಕೂಲಿಯ ಲೆಕ್ಕವಿತ್ತು, ಕಾರ್ಮಿಕರ ಮನೆಯ ಹೆಂಗಸರ ಮಾತಿತ್ತು, ಹಾಡೂ ಇತ್ತು. 1980ರ ಜುಲೈನಲ್ಲಿ ಸೇನೆ ಅಧಿಕಾರ ಕಸಿದುಕೊಂಡಾಗ ಈ ನಿಲಯಗಳು ಒಂದರ ಕೈ ಇನ್ನೊಂದು ಹಿಡಿದು ಜನರಿಗೆ ಸುದ್ದಿ ಮುಟ್ಟಿಸಿದವು. ಸೇನೆ ಅವುಗಳ ಮೇಲೂ ಬಿತ್ತು.

ನಮ್ಮಲ್ಲೇನು? ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. 2006ರ ಸಮುದಾಯ ರೇಡಿಯೋ ನೀತಿ ಸೇವಾಸಂಸ್ಥೆಗಳಿಗೆ ಬಾಗಿಲು ತೆರೆಯಿತು. ಆದರೆ ರಾಜಕೀಯ ಪಕ್ಷಗಳನ್ನೂ ಅವುಗಳಿಗೆ ಸೇರಿದ ಕಾರ್ಮಿಕ ಸಂಘಗಳನ್ನೂ ಹೊರಗಿಟ್ಟಿತು, ಸುದ್ದಿ ಪ್ರಸಾರವನ್ನು ತಡೆಯಿತು. ಪಕ್ಷಗಳ ಕೈಗೆ ರೇಡಿಯೋ ಸಿಕ್ಕರೆ ಊರಲ್ಲಿ ಜಗಳ ಹುಟ್ಟೀತೆಂಬ ಭಯ ನಮಗೂ ಅರ್ಥವಾಗುತ್ತದೆ. ಆದರೆ ಹಣವಂತರ ಪತ್ರಿಕೆ, ಟಿ.ವಿ.ಗಳು ಹಗಲಿರುಳು ರಾಜಕೀಯ ಮಾತಾಡುವಾಗ ಕಾಣದ ಭಯ, ಗಿರಣಿಯವರು ಬಾಯಿ ತೆರೆದಾಗ ಮಾತ್ರ ಏಕೆ? ನಿಯಮ ಬೇಕಾದರೆ ಎಲ್ಲರಿಗೂ ಒಂದೇ ಇರಲಿ.

ಕಾನೂನು ತಿದ್ದುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ವಾರಕ್ಕೊಂದು ಸಂಜೆ ಸಂಘದ ಕಚೇರಿಯಲ್ಲೋ ಅಂಗಡಿಯ ಕಟ್ಟೆಯ ಮೇಲೋ ಇಪ್ಪತ್ತು ಜನ ಸೇರೋಣ. ಆಕಾಶವಾಣಿಯ ಒಂದು ಕಾರ್ಯಕ್ರಮ ಕೇಳಿ, ರೇಡಿಯೋ ಆರಿಸಿ, ಚರ್ಚಿಸೋಣ. ಪಿ.ಎಫ್. ಹಣ ಏಕೆ ತಡವಾಯಿತು, ಇ.ಎಸ್.ಐ. ಚೀಟಿ ಹೇಗೆ ಸಿಗುತ್ತದೆ, ಸಣ್ಣ ಅಂಗಡಿಗೆ ಜಿ.ಎಸ್.ಟಿ. ನಿಯಮವೇನು ಎಂಬ ಪ್ರಶ್ನೆಗಳನ್ನು ಬರೆದು ಇಪ್ಪತ್ತು ರುಜು ಹಾಕಿ ನಿಲಯಕ್ಕೆ ಕಳಿಸೋಣ. ಉತ್ತರ ಬಾರದಿದ್ದರೆ ಮುಂದಿನ ವಾರ ನಲವತ್ತು ರುಜುಗಳಿರಲಿ.