ಹಿತ್ತಿಲ ಕಾರ್ಯಾಗಾರ

ದೊಡ್ಡಬಳ್ಳಾಪುರದ ಬೀದಿಗಳಲ್ಲಿ ನಡೆಯುವವರಿಗೆ ಮನೆಯೊಳಗಿನಿಂದ ಯಂತ್ರದ ಸದ್ದು ಕೇಳಿಬರುವುದು ಹೊಸತೇನಲ್ಲ. ಅದು ವಿದ್ಯುತ್ ಮಗ್ಗಗಳ ಊರು. ಗೋಡೆಯ ಆಚೆ ಒಲೆ ಉರಿಯುತ್ತಿದ್ದರೆ ಈಚೆ ಲಾಳಿ ಓಡುತ್ತಿರುತ್ತದೆ. ಆದರೆ ನಾನು ಹೇಳಹೊರಟಿರುವ ಯಂತ್ರ ಸೀರೆ ನೇಯುವುದಿಲ್ಲ. ಅದರಿಂದ ಮನೆಗೆ ಒಂದು ಕಾಸಿನ ಆದಾಯವೂ ಇಲ್ಲ. ನನ್ನ ನೆರೆಯವರೊಬ್ಬರು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಲೇತ್ ಯಂತ್ರದ ಮುಂದೆ ನಿಂತು ದುಡಿದು ನಿವೃತ್ತರಾದವರು. ಹಿಂದೆ ದನದ ಕೊಟ್ಟಿಗೆಯಾಗಿದ್ದ ಹಿತ್ತಿಲ ಮಾಡಿನಲ್ಲಿ ಅವರು ಗುಜರಿಯಿಂದ ತಂದು ಸರಿಪಡಿಸಿದ ಚಿಕ್ಕದೊಂದು ಲೇತ್, ಒಂದು ವೈಸು, ನಾಲ್ಕಾರು ಅರಗಳನ್ನು ಇಟ್ಟುಕೊಂಡಿದ್ದಾರೆ. ಭಾನುವಾರದ ಬೆಳಗಿನಲ್ಲಿ ಅವರೂ, ಒಂಬತ್ತನೆಯ ತರಗತಿಯಲ್ಲಿ ಓದುವ ಅವರ ಮೊಮ್ಮಗಳೂ ಅಲ್ಲಿಯೇ ಇರುತ್ತಾರೆ.

‘ಓದುವ ವಯಸ್ಸಿನಲ್ಲಿ ಕಬ್ಬಿಣ ತಿಕ್ಕುತ್ತ ನಿಂತರೆ ಅಂಕ ಬರುತ್ತದೆಯೆ?’ ಎಂದು ಕೇಳುವವರುಂಟು. ‘ಹೆಣ್ಣುಮಗುವಿಗೆ ಇದೇಕೆ?’ ಎನ್ನುವವರೂ ಉಂಟು. ಅವರನ್ನು ಹಳಿಯುವ ಅಧಿಕಾರ ನನಗಿಲ್ಲ. ಅಧ್ಯಾಪಕನಾಗಿದ್ದಷ್ಟು ಕಾಲವೂ ನಾನು ಅಂಥ ಮಾತನ್ನೇ ಆಡಿದವನು. ಬೆರಳ ಸಂದಿಯಲ್ಲಿ ಎಣ್ಣೆಯ ಮಸಿ ಹಚ್ಚಿಕೊಂಡು ಬಂದ ಹುಡುಗನೊಬ್ಬನಿಗೆ, ಕೈ ತೊಳೆದು ಬಂದು ಪುಸ್ತಕ ಮುಟ್ಟು ಎಂದು ಹೇಳಿ ತರಗತಿಯಿಂದ ಹೊರಗೆ ಕಳುಹಿಸಿದ್ದೆ. ಅವನು ತೊಳೆದು ಬಂದ. ಮಸಿ ಹಾಗೆಯೇ ಇತ್ತು. ಮತ್ತೆ ಕಳುಹಿಸಿದೆ. ಅವನು ಆ ದಿನ ಮರಳಿ ಬರಲಿಲ್ಲ.

ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಸುತ್ತಿಗೆಗೂ ಇಕ್ಕಳಕ್ಕೂ ಅರಿಸಿನ ಕುಂಕುಮ ಹಚ್ಚಿ ಕೈಮುಗಿಯುವ ನಾವು, ಉಳಿದ ದಿನಗಳಲ್ಲಿ ಅವನ್ನು ಹಿಡಿದ ಕೈಗೆ ತೋರುವ ಗೌರವ ಅಷ್ಟಕ್ಕಷ್ಟೆ. ಲೋಹದ ಕೆಲಸ ಕಮ್ಮಾರರ, ಅಕ್ಕಸಾಲಿಗಳ ಕುಲಕಸುಬು. ಅಕ್ಷರ ಕಲಿತವರಿಗೆ ಅದು ತಕ್ಕುದಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೈಕಸುಬಿನ ಮೂಲಕವೇ ಶಿಕ್ಷಣ ನಡೆಯಬೇಕೆಂದು ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಪ್ರತಿಪಾದಿಸಿದರು. ಲೇತ್ ಯಂತ್ರವಾದರೂ ನಮ್ಮ ನಾಡಿಗೆ ಅಪರಿಚಿತವೇನಲ್ಲ. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ, ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೆಷೀನ್ ಟೂಲ್ಸ್ ಸಂಸ್ಥೆಯೂ ಲೇತ್‌ಗಳನ್ನು ತಯಾರಿಸಿ ದೇಶಕ್ಕೆ ಕೊಟ್ಟವು. ಯಂತ್ರಗಳನ್ನು ಹುಟ್ಟಿಸುವ ಯಂತ್ರಗಳನ್ನೇ ಮಾಡಿದ ನಾಡಿನಲ್ಲಿ, ಮಗುವಿನ ಕೈಗೆ ಅರ ಕೊಟ್ಟರೆ ಅದು ಕಾಲಹರಣವೆನಿಸುವುದು ವಿಚಿತ್ರವಲ್ಲವೆ?

ನನ್ನ ಅಭಿಪ್ರಾಯ ಬದಲಾದದ್ದು ಒಂದು ಬುಗುರಿಯಿಂದ. ಹಿತ್ತಾಳೆಯ ಬಿಲ್ಲೆ, ಅದರ ನಡುವೆ ಉಕ್ಕಿನ ಕಡ್ಡಿ. ಅಷ್ಟೇ ಆ ಬುಗುರಿ. ಬಿಲ್ಲೆಯ ನಡುವೆ 6 ಮಿಲಿಮೀಟರಿನ ರಂಧ್ರವನ್ನು ಮೊಮ್ಮಗಳು ಕೊರೆದಿದ್ದಳು. ಕಡ್ಡಿಯನ್ನು ಲೇತ್‌ನಲ್ಲಿ ಕಡೆದ ತಾತ ಅದನ್ನು ಮೈಕ್ರೋಮೀಟರಿನಲ್ಲಿ ಅಳೆದು ‘ಸರಿಯಾಗಿ ಆರು’ ಎಂದರು. ಕಡ್ಡಿ ರಂಧ್ರದೊಳಗೆ ಇಳಿಯಲಿಲ್ಲ.

‘ತೂತು ಚಿಕ್ಕದಾಗಿದೆ, ನೋಡು’ ಎಂದರು ತಾತ.

ಹುಡುಗಿ ಎದುರು ಮಾತನಾಡಲಿಲ್ಲ. ಮೈಕ್ರೋಮೀಟರನ್ನು ತೆಗೆದುಕೊಂಡು ಕಡ್ಡಿಯನ್ನು ತಾನೂ ಅಳೆದಳು. ಆ ಉಪಕರಣದ ತಿರುಗುವ ಕೊಳವೆ ಒಂದು ಸುತ್ತಿಗೆ ಅರ್ಧ ಮಿಲಿಮೀಟರು ಸರಿಯುತ್ತದೆ. ಅದರ ಅಂಚಿನಲ್ಲಿ 50 ಗೆರೆಗಳಿರುವುದರಿಂದ ಒಂದೊಂದು ಗೆರೆಯೂ ಮಿಲಿಮೀಟರಿನ ನೂರನೆಯ ಒಂದು ಭಾಗ. ಅಷ್ಟು ಸೂಕ್ಷ್ಮವಾದ ಉಪಕರಣದಲ್ಲಿ ಜನ ಸಾಮಾನ್ಯವಾಗಿ ತಪ್ಪುವುದು ಸೂಕ್ಷ್ಮದಲ್ಲಲ್ಲ, ಸ್ಥೂಲದಲ್ಲಿ: ಒಳಕೊಳವೆಯ ಮೇಲಿನ ಅರ್ಧ ಮಿಲಿಮೀಟರಿನ ಗೆರೆ ಕಣ್ಣಿಗೆ ಬೀಳದೆ ಹೋಗುತ್ತದೆ. ‘ತಾತ, ಆರೂವರೆ ಇದೆ’ ಎಂದಳು. ಅವರು ಕನ್ನಡಕ ಒರೆಸಿಕೊಂಡು ಬೆಳಕಿಗೆ ಹಿಡಿದು ನೋಡಿದರು. ‘ನೀನೇ ಸರಿ ಕಣಮ್ಮ, ಅರ್ಧದ ಗೆರೆ ನಾನು ನೋಡಲಿಲ್ಲ’ ಎಂದು ಕಡ್ಡಿಯನ್ನು ಮತ್ತೆ ಚಕ್ಕಿಗೆ ಬಿಗಿದರು.

ನಡೆದದ್ದು ಇಷ್ಟೆ. ಇಬ್ಬರಿಗೂ ಅದೊಂದು ಸಂಗತಿಯೆನಿಸಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ನನಗೆ ಮಾತ್ರ, ನನ್ನ ಇಡೀ ಸೇವಾವಧಿಯಲ್ಲಿ ಯಾವ ವಿದ್ಯಾರ್ಥಿಗಾದರೂ ‘ನೀನೇ ಸರಿ’ ಎಂದಿದ್ದೆನೆ ಎಂದು ಹುಡುಕಿಕೊಳ್ಳುವಂತಾಯಿತು. ನೆನಪಾಗಲಿಲ್ಲ. ನಮ್ಮ ಮನೆಗಳಲ್ಲಿಯೂ ಹಿರಿಯರ ಮಾತೇ ಕೊನೆಯ ಮಾತು. ಕಿರಿಯರು ಒಪ್ಪಿದರೆ ವಿಧೇಯರು, ಒಪ್ಪದಿದ್ದರೆ ಉದ್ಧಟರು. ಲೋಹದ ಮುಂದೆ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕೆ ತಾತನ ಅನುಭವವೂ ಗೊತ್ತಿಲ್ಲ, ಮೊಮ್ಮಗಳ ವಯಸ್ಸೂ ಗೊತ್ತಿಲ್ಲ. ಹಿರಿಯರೂ ಕಿರಿಯರೂ ಅವಮಾನವಿಲ್ಲದೆ ತಪ್ಪಬಹುದಾದ, ತಿದ್ದಿಕೊಳ್ಳಬಹುದಾದ ಇಂಥ ಜಾಗ ಒಂದು ಮನೆಯಲ್ಲಿ ಎಷ್ಟಿದ್ದೀತು?

ಇಬ್ಬರು ಒಬ್ಬರಿಗೊಬ್ಬರು ಒಪ್ಪಿಕೊಂಡ ಮಾತ್ರಕ್ಕೆ ಸತ್ಯ ಸಿಕ್ಕಿತೆನ್ನಲಾಗದು. ಇದನ್ನು ಲೋಹಶಿಲ್ಪಿಗಳು ಬಹು ಹಿಂದೆಯೇ ಕಂಡುಕೊಂಡಿದ್ದರು. ಸಮತಟ್ಟಾದ ಲೋಹದ ಫಲಕವನ್ನು ಮಾಡುವ ಬಗೆಯನ್ನು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋ ನಗರದ ಸಭೆಯೊಂದರಲ್ಲಿ ವಿವರಿಸಿದ. ಒಂದು ಫಲಕಕ್ಕೆ ಬಣ್ಣ ಬಳಿದು ಇನ್ನೊಂದರ ಮೇಲಿಟ್ಟು ಸರಿಸಿದರೆ ಉಬ್ಬಿದ ಕಡೆ ಬಣ್ಣ ಅಂಟುತ್ತದೆ, ಅಲ್ಲಿ ಹೆರೆಯಬೇಕು. ಆದರೆ ಎರಡೇ ಫಲಕಗಳಿದ್ದರೆ ಒಂದು ತುಸು ಉಬ್ಬಿ, ಇನ್ನೊಂದು ಅಷ್ಟೇ ತಗ್ಗಿ, ಎರಡೂ ಚೆನ್ನಾಗಿ ಕೂಡಿಕೊಳ್ಳಬಹುದು. ಎರಡೂ ತಪ್ಪು, ಎರಡಕ್ಕೂ ಪರಸ್ಪರ ಒಪ್ಪಿಗೆ! ಆದುದರಿಂದ ಮೂರನೆಯ ಫಲಕ ಬೇಕು. ಉಬ್ಬಿದ ಮೊದಲನೆಯದಕ್ಕೆ ಹೊಂದಿಕೊಂಡರೆ ಮೂರನೆಯದೂ ತಗ್ಗಾಗುತ್ತದೆ. ಆಗ ತಗ್ಗಾದ ಎರಡನೆಯದನ್ನೂ ಮೂರನೆಯದನ್ನೂ ಎದುರುಬದುರು ಇಟ್ಟರೆ ಮೋಸ ಬಯಲಾಗುತ್ತದೆ. ಮೂರರಲ್ಲಿ ಯಾವ ಎರಡನ್ನು ಕೂಡಿಸಿದರೂ ಹೊಂದಿಕೊಂಡರೆ ಮಾತ್ರ ಮೂರೂ ಸಮತಟ್ಟು. ಆ ಭಾನುವಾರ ತಾತ ಮೊಮ್ಮಗಳ ನಡುವೆ ಮೂರನೆಯದಾಗಿ ನಿಂತದ್ದು ಮೈಕ್ರೋಮೀಟರು.

ಲೇತ್ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲವೆಂದು ನೀವು ಹೇಳಬಹುದು. ನಿಜ. ಬೇಕಾಗಿಯೂ ಇಲ್ಲ. ಒಂದು ವೈಸು, ಒಂದು ಗರಗಸ, ಒಂದು ಅರ, ಒಂದು ಮೂಲೆಮಟ್ಟ ಸಾಕು. ಬೇಕಾದದ್ದು ಪಕ್ಕದಲ್ಲಿ ನಿಲ್ಲುವ ಒಬ್ಬ ಹಿರಿಯರು. ಅದೂ ಕೆಲಸವನ್ನು ಕಸಿದುಕೊಂಡು ತಾವೇ ಮಾಡದಂಥವರು. ಶಾಲೆಯ ವಸ್ತುಪ್ರದರ್ಶನಕ್ಕೆಂದು ರಾತ್ರಿಯೆಲ್ಲ ಕುಳಿತು ಮಾದರಿ ಮಾಡಿಕೊಟ್ಟು, ಬೆಳಿಗ್ಗೆ ಮಗುವಿನ ಹೆಸರು ಬರೆದು ಕಳುಹಿಸುವ ತಂದೆಯರನ್ನು ನಾನು ಬಲ್ಲೆ. ಎಚ್ಚರವೂ ಬೇಕು. ಚಕ್ಕಿನ ಕೀಲಿಯನ್ನು ಅದರಲ್ಲೇ ಮರೆತು ಲೇತ್ ಚಾಲೂ ಮಾಡಿದರೆ ಅದು ಗುಂಡಿನಂತೆ ಹಾರುತ್ತದೆ. ಜೋಲಾಡುವ ತೋಳು, ದುಪಟ್ಟಾ, ಕಟ್ಟದ ಜಡೆ ಇವು ಯಂತ್ರದ ಬಳಿ ಸುಳಿಯಲೇಬಾರದು. ಕಣ್ಣಿಗೆ ಕನ್ನಡಕವಿಲ್ಲದೆ ಮೊಮ್ಮಗಳನ್ನು ಅವರು ಮಾಡಿನೊಳಗೇ ಬಿಡುವುದಿಲ್ಲ.

ಆ ಬುಗುರಿಗಳನ್ನು ಮಾರಿದರೆ ಒಳ್ಳೆಯ ಬೆಲೆ ಬಂದೀತೆಂದು ಯಾರೋ ಸಲಹೆಯಿತ್ತರಂತೆ. ‘ಮೂವತ್ತು ವರ್ಷ ಗಂಟೆ ನೋಡಿ ಕೆಲಸ ಮಾಡಿದ್ದಾಯಿತು, ಇಲ್ಲಿ ಬೇಡ’ ಎಂದರಂತೆ ಅವರು. ಗಡುವು ಬಂದೊಡನೆ ತಪ್ಪಿಗೆ ಬಿಡುವು ಇಲ್ಲವಾಗುತ್ತದೆ. ಅವರು ಮಾಡಿದ್ದು ಸರಿಯೆಂದೇ ನನ್ನ ಎಣಿಕೆ.

ಕಳೆದ ತಿಂಗಳು ಆ ಹುಡುಗಿ ನನ್ನ ಕೈಗೂ ಒಂದು ಅರ ಕೊಟ್ಟಳು. ‘ಮೇಷ್ಟ್ರೇ, ಈ ಕಬ್ಬಿಣದ ತುಂಡನ್ನು ಚೌಕ ಮಾಡಿ, ನೋಡೋಣ’ ಎಂದಳು. ನಾಲ್ಕು ಭಾನುವಾರಗಳು ಕಳೆದಿವೆ. ಮೂಲೆಮಟ್ಟವನ್ನು ಒತ್ತಿ ಬೆಳಕಿಗೆ ಹಿಡಿದರೆ ಒಂದು ಅಂಚಿನಲ್ಲಿ ಇನ್ನೂ ಬೆಳಕು ತೂರಿಬರುತ್ತದೆ. ಮನೆಗೆ ಬಂದು ಎರಡೆರಡು ಸಲ ಸಾಬೂನು ಹಚ್ಚಿ ತೊಳೆದರೂ ಬೆರಳ ಸಂದಿಯ ಮಸಿ ಹೋಗುವುದಿಲ್ಲ.