ಸಾಲಿನಲ್ಲಿ ನಮ್ಮ ಅಕ್ಕ ಎಲ್ಲಿ?

'ನರ್ಸಿಂಗ್ ಓದಿ, ವಿದೇಶಕ್ಕೆ ಹಾರಿ' ಅನ್ನೋ ಪೋಸ್ಟರನ್ನ ವಿಜಯನಗರದಿಂದ ಕೆಂಗೇರಿವರೆಗೂ ನೋಡಿದ್ದೀರಿ. ನಮ್ಮ ಹಾಸ್ಟೆಲಿನ ಹುಡುಗಿಯರು ಓದಿ ನಗ್ತಾರೆ, ಆಮೇಲೆ ಸುಮ್ಮನಾಗ್ತಾರೆ.

ಅಮೆರಿಕದ ಲೆಕ್ಕ ಕೇಳಿ. ಉದ್ಯೋಗದ ಮೇಲೆ ಅಲ್ಲಿ ನೆಲೆಸಲು ವರ್ಷಕ್ಕೆ ಸುಮಾರು 1,40,000 ವೀಸಾ. ಒಂದೊಂದು ದೇಶಕ್ಕೆ ಶೇಕಡ 7ರ ಮಿತಿ. ಹಾಗಾಗಿ ಇಂಡಿಯಾದ ನರ್ಸು ಹತ್ತು ವರ್ಷಕ್ಕೂ ಮೀರಿ ಕಾಯಬೇಕು. ಹಳೇ ವರ್ಷಗಳಲ್ಲಿ ಬಳಸದೆ ಉಳಿದ ವೀಸಾಗಳಲ್ಲಿ 25,000 ನರ್ಸುಗಳಿಗೆ, 15,000 ಡಾಕ್ಟರುಗಳಿಗೆ ಈ ಮಿತಿಯಿಲ್ಲದೆ ಕೊಡಬೇಕೆಂಬ ಮಸೂದೆ ಅಲ್ಲಿನ ಸಂಸತ್ತಿಗೆ 2020, 2021, 2023ರಲ್ಲಿ ಬಂತು. ಮೂರು ಸಲವೂ ಪಾಸಾಗಲಿಲ್ಲ.

ಪಾಸಾಗಲಿ ಅಂತಲೇ ನಾವು ಹೇಳ್ತೀವಿ. ಹುಟ್ಟಿದ ಕೇರಿ ನೋಡಿ ಸಾಲಿನ ಹಿಂದೆ ನಿಲ್ಲಿಸಿಕೊಂಡವರು, ಹುಟ್ಟಿದ ದೇಶ ನೋಡಿ ನಿಲ್ಲಿಸೋದನ್ನ ಒಪ್ಪೋದು ಹೇಗೆ?

ಆದರೆ ಪಾಸಾದರೆ ಹೋಗೋರು ಯಾರು? ಹೆರಿಗೆ ಮಾಡಿಸೋದು, ಮಲಮೂತ್ರ ಬಳಿಯೋದು ಮೈಲಿಗೆ ಅಂತ ನಮ್ಮ ತಲೆಗೆ ಕಟ್ಟಿದ್ದರು. ಸೂಲಗಿತ್ತಿ ನಮ್ಮಜ್ಜಿ. ಅದೇ ಕೆಲಸಕ್ಕೆ ಬಿಳಿ ಯೂನಿಫಾರಂ, ಡಾಲರು ಬಂದ ಮೇಲೆ ಮೈಲಿಗೆ ಮಾಯ! ಹೋಗಲಿ, ಒಳ್ಳೇದೇ. ಅಜ್ಜಿಯ ಮೊಮ್ಮಗಳೆಲ್ಲಿ?

ರಾಜಾಜಿನಗರದ ಕಡೆ ಒಂದು ನರ್ಸಿಂಗ್ ಹೋಮಿನಲ್ಲಿ ನೈಟ್ ಡ್ಯೂಟಿ ಮಾಡ್ತಿದ್ದಾಳೆ. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಕೂತ ಸಮಿತಿ, ಸಣ್ಣ ಖಾಸಗಿ ಆಸ್ಪತ್ರೆಯೂ ತಿಂಗಳಿಗೆ 20,000ಕ್ಕೆ ಕಡಿಮೆ ಕೊಡಬಾರದು ಅಂದಿತು. ಅವಳ ಕೈಗೆ ಅಷ್ಟು ಬರಲ್ಲ. ಅಮೆರಿಕದ ನರ್ಸಿಂಗ್ ಪರೀಕ್ಷೆಯನ್ನ ಬೆಂಗಳೂರಲ್ಲೇ ಬರೀಬಹುದು. ನೋಂದಣಿಗೆ 200 ಡಾಲರ್, ಹೊರದೇಶದಲ್ಲಿ ಬರೆಯೋದಕ್ಕೆ ಇನ್ನೂ 150. ಇಂಗ್ಲಿಷ್ ಪರೀಕ್ಷೆ ಬೇರೆ, ಕೋಚಿಂಗ್ ಬೇರೆ. ಮೂಲ ಅಂಕಪಟ್ಟಿಯನ್ನ ಬಾಕಿ ಫೀಜಿಗೆ ಕಾಲೇಜು ಹಿಡಿದಿಟ್ಟಿದೆ. ಹತ್ತು ವರ್ಷ ನಿಲ್ಲೋಕೂ ಮೊದಲು ಸಾಲಿಗೆ ಸೇರಬೇಕಲ್ಲ!

ವಿದೇಶಕ್ಕೆ ಕೆಲಸಗಾರರನ್ನ ಕಳಿಸೋಕೆ ಕೇರಳ 1977ರಲ್ಲೇ ಒಡೆಪೆಕ್ ಅನ್ನೋ ಸರ್ಕಾರಿ ಕಂಪನಿ ಕಟ್ಟಿತು. 2021ರಲ್ಲಿ ಅಲ್ಲಿನ ನೋರ್ಕಾ, ನರ್ಸುಗಳಿಂದ ಕಾಸು ಕೀಳದೆ ಭಾಷೆ ಕಲಿಸಿ ಕಳಿಸೋಕೆ ಜರ್ಮನಿ ಜೊತೆ ಒಪ್ಪಂದ ಮಾಡಿಕೊಂಡಿತು. ನಮ್ಮ ಸರ್ಕಾರಕ್ಕೂ ಒಂದು ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಅದರ ಹೆಸರು ನಿಮ್ಮ ಹಾಸ್ಟೆಲಿನ ನೋಟೀಸ್ ಬೋರ್ಡಿನಲ್ಲಿ ಯಾವತ್ತಾದರೂ ಕಂಡಿದ್ದೀರಾ?

ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋಗಿದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ, ಮನೆಯ ಗಂಟಿನಿಂದಲ್ಲ. ಸಮಾಜ ಕಲ್ಯಾಣ ಇಲಾಖೆ ನಮ್ಮ ಅಕ್ಕಂದಿರ ಪರೀಕ್ಷಾ ಶುಲ್ಕ ಕಟ್ಟಲಿ, ಹಿಡಿದಿಟ್ಟ ಅಂಕಪಟ್ಟಿ ಬಿಡಿಸಿಕೊಡಲಿ. ಅರ್ಜಿ ವಾರ್ಡನ್ ಕೈಗೆ ಬೇಡ, ನೇರ ಇಲಾಖೆಗೇ ಕೊಡೋಣ. ಭಾನುವಾರ ಹಾಳೆ ತರ್ತೀವಿ. ಅಂಕಪಟ್ಟಿ ಸಿಕ್ಕಿಹಾಕಿಕೊಂಡಿರೋರು ಹೆಸರು ಬರೆಸಿ.