ಸಹಿ ಹಾಕುವ ಮುನ್ನ ಒಂದು ರಾತ್ರಿ ಕೇಳಿ

2023ರ ಜುಲೈ. ಹರಿಹರದಿಂದ ದಾವಣಗೆರೆಗೆ ಹೊರಟ ಬಸ್ಸಿನಲ್ಲಿ ನಾವು ನಾಲ್ವರು ಗೆಳೆಯರು ಜೋರಾಗಿ ವಾದ ಮಾಡುತ್ತಿದ್ದೆವು. ನಟ ಸುದೀಪ್ ಮತ್ತು ನಿರ್ಮಾಪಕ ಎಂ.ಎನ್. ಕುಮಾರ್ ನಡುವಿನ ಜಗಳ ಆಗ ದಿನವೂ ಸುದ್ದಿ. ಹಣ ಪಡೆದೂ ಸಿನಿಮಾ ಮಾಡಿಕೊಡಲಿಲ್ಲ ಎಂದು ನಿರ್ಮಾಪಕರು ಆರೋಪ ಮಾಡಿದ್ದರು. ಆರೋಪ ಸುಳ್ಳು ಎಂದ ಸುದೀಪ್ ಮಾನನಷ್ಟ ಮೊಕದ್ದಮೆ ಹೂಡಿದ್ದರು. ಒಬ್ಬ ಸುದೀಪ್ ಪರ, ಇನ್ನೊಬ್ಬ ನಿರ್ಮಾಪಕರ ಪರ. ನಾನು ಮಾತ್ರ ದೊಡ್ಡ ವಕೀಲನಂತೆ, ‘ಬಾಯಿಮಾತು ಬಿಡ್ರೋ, ಕಾಗದದಲ್ಲಿ ಏನು ಬರೆದಿದೆ ಅನ್ನೋದಷ್ಟೇ ಮುಖ್ಯ’ ಎಂದು ತೀರ್ಪು ಕೊಟ್ಟಿದ್ದೆ.

ಅದಾದ ಎರಡೇ ವಾರಕ್ಕೆ ಬೆಂಗಳೂರಿನ ಕಂಪನಿಯೊಂದರಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತು. ಹದಿನಾಲ್ಕು ಪುಟಗಳ ಕರಾರು ಮುಂದಿಟ್ಟರು. ಎಚ್‌ಆರ್ ಮೇಡಂ ‘ಇಲ್ಲಿ, ಇಲ್ಲಿ, ಮತ್ತೆ ಕೊನೇ ಪುಟದಲ್ಲಿ’ ಎಂದು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಒಂದು ಪುಟವನ್ನೂ ಓದಲಿಲ್ಲ. ಜಾಮೀನಿಗೆಂದು ಒಂದು ಹಾಳೆಯನ್ನು ಹರಿಹರಕ್ಕೆ ತಂದು ಅಪ್ಪನ ಸಹಿಯನ್ನೂ ಹಾಕಿಸಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಅಪ್ಪ, ‘ಏನೈತಪ್ಪ ಇದ್ರಾಗ?’ ಎಂದು ಕೇಳಿದರು. ‘ಏನಿಲ್ಲ, ಫಾರ್ಮಾಲಿಟಿ’ ಎಂದೆ.

ಎಂಟು ತಿಂಗಳಾದ ಮೇಲೆ ಇನ್ನೊಂದು ಕಡೆ ನಾಲ್ಕು ಸಾವಿರ ಹೆಚ್ಚು ಸಂಬಳ ಸಿಕ್ಕಿತು. ರಾಜೀನಾಮೆ ಇಮೇಲ್ ಕಳಿಸಿ ಹೊರಟೆ. ಎರಡು ತಿಂಗಳಿಗೆ ಮನೆಗೆ ವಕೀಲರ ನೋಟಿಸ್ ಬಂತು. ಎರಡು ವರ್ಷ ಕೆಲಸ ಮಾಡುವುದಾಗಿ ಒಪ್ಪಿ ನಡುವೆಯೇ ಬಿಟ್ಟಿದ್ದಕ್ಕೆ ಒಂದೂವರೆ ಲಕ್ಷ ರೂಪಾಯಿ ಕಟ್ಟಬೇಕು. ನೋಟಿಸ್‌ನಲ್ಲಿ ನನ್ನ ಹೆಸರಿನ ಕೆಳಗೆ ಅಪ್ಪನ ಹೆಸರೂ ಇತ್ತು. ಅವತ್ತು ರಾತ್ರಿ ಅಪ್ಪ ಊಟ ಮಾಡಲಿಲ್ಲ. ‘ನಮ್ಮ ಮನ್ಯಾಗ ಯಾರೂ ಕೋರ್ಟಿನ ಮೆಟ್ಟಿಲು ಹತ್ತಿಲ್ಲ’ ಎಂದಷ್ಟೇ ಹೇಳಿದರು.

ದಾವಣಗೆರೆಯ ಪರಿಚಯದ ವಕೀಲರ ಬಳಿ ಓಡಿದೆ. ಅವರು ಕೇಳಿದ ಮೊದಲ ಪ್ರಶ್ನೆಯೇ, ‘ಕರಾರಿನ ಪ್ರತಿ ಎಲ್ಲಿ?’ ನನ್ನ ಬಳಿ ಇರಲಿಲ್ಲ. ಕೇಳಿ ಇಟ್ಟುಕೊಳ್ಳಬೇಕು ಎಂಬುದೂ ಗೊತ್ತಿರಲಿಲ್ಲ.

ಅವತ್ತಿನಿಂದ ನನಗೆ ಕರಾರಿನ ಮೊಕದ್ದಮೆಗಳ ಸುದ್ದಿ ಓದುವ ಚಟ ಹತ್ತಿತು. ಅದರಲ್ಲಿ ಎರಡು ಪ್ರಕರಣಗಳನ್ನು ಕೆಲಸ ಹುಡುಕುತ್ತಿರುವ ಪ್ರತಿಯೊಬ್ಬರೂ ತಿಳಿದಿರಬೇಕು ಎನಿಸುತ್ತದೆ.

ಮೊದಲನೆಯದು ಕ್ರಿಕೆಟಿಗ ಜಹೀರ್ ಖಾನ್ ಅವರದು. 2000ದಲ್ಲಿ ಅವರು ಪರ್ಸೆಪ್ಟ್ ಡಿಮಾರ್ಕ್ ಎಂಬ ಕಂಪನಿಯ ಜೊತೆ ಮೂರು ವರ್ಷಗಳ ಒಪ್ಪಂದ ಮಾಡಿಕೊಂಡಿದ್ದರು. ಜಾಹೀರಾತು, ಪ್ರಚಾರದ ವ್ಯವಹಾರವನ್ನೆಲ್ಲ ಕಂಪನಿ ನೋಡಿಕೊಳ್ಳಬೇಕು. ಅದರಲ್ಲೊಂದು ಷರತ್ತಿತ್ತು: ಅವಧಿ ಮುಗಿದ ಮೇಲೆ ಬೇರೆಯವರಿಂದ ಆಹ್ವಾನ ಬಂದರೆ ಮೊದಲು ಇವರಿಗೆ ತಿಳಿಸಬೇಕು, ಅದೇ ಮೊತ್ತಕ್ಕೆ ಇವರು ಒಪ್ಪಿದರೆ ಇವರ ಜೊತೆಗೇ ಮುಂದುವರಿಯಬೇಕು. 2003ರಲ್ಲಿ ಅವಧಿ ಮುಗಿದಾಗ ಜಹೀರ್ ಬೇರೆ ಸಂಸ್ಥೆಯ ಜೊತೆ ಕೈಜೋಡಿಸಿದರು. ಪರ್ಸೆಪ್ಟ್ ಕೋರ್ಟಿಗೆ ಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಜಹೀರ್ ಪರ ನಿಂತಿತು. ಭಾರತೀಯ ಕರಾರು ಕಾಯ್ದೆ 1872ರ 27ನೇ ಸೆಕ್ಷನ್ ಪ್ರಕಾರ ಒಬ್ಬ ವ್ಯಕ್ತಿ ತನ್ನ ವೃತ್ತಿ, ವ್ಯಾಪಾರ ಮಾಡದಂತೆ ತಡೆಯುವ ಕರಾರು ಊರ್ಜಿತವಲ್ಲ. ಅವಧಿ ಮುಗಿದ ಮೇಲೂ ಆಟಗಾರನ ಕೈ ಕಟ್ಟುವ ಷರತ್ತು ನಡೆಯುವುದಿಲ್ಲ ಎಂಬುದು ತೀರ್ಪಿನ ಸಾರ.

ಎರಡನೆಯದು ನಮ್ಮ ನಾಡಿನದೇ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ ವಿಲೀನವಾದ ವಿಜಯಾ ಬ್ಯಾಂಕ್ ಪ್ರಕರಣ. ಮೂರು ವರ್ಷ ಸೇವೆ ಸಲ್ಲಿಸಬೇಕು, ಇಲ್ಲವಾದರೆ ಎರಡು ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತಿಗೆ ಒಪ್ಪಿ ಅಧಿಕಾರಿಯೊಬ್ಬರು 2007ರಲ್ಲಿ ಸೇರಿದರು. 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಆಕ್ಷೇಪಣೆಯೊಂದಿಗೇ ಎರಡು ಲಕ್ಷ ಕಟ್ಟಿ, ಷರತ್ತನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್‌ನಲ್ಲಿ ಗೆದ್ದರು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ನೀಡಿತು. ಇದು ಕೆಲಸದ ಅವಧಿಯೊಳಗಿನ ಷರತ್ತು, ಬಿಟ್ಟ ಮೇಲೆ ಬೇರೆಡೆ ದುಡಿಯುವುದನ್ನು ತಡೆಯುವಂಥದ್ದಲ್ಲ. ಸಾರ್ವಜನಿಕ ಬ್ಯಾಂಕಿಗೆ ಮತ್ತೆ ನೇಮಕಾತಿ ನಡೆಸುವುದು ಖರ್ಚಿನ, ದೀರ್ಘವಾದ ಕೆಲಸ. ಆ ಅಧಿಕಾರಿಯ ಸಂಬಳಕ್ಕೆ ಎರಡು ಲಕ್ಷ ಅತಿಯಾದ ಮೊತ್ತವಲ್ಲ ಎಂದು ಕೋರ್ಟ್ ಹೇಳಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರು ಹೆಸರಾಂತ ಆಟಗಾರ, ಇನ್ನೊಬ್ಬರು ಬ್ಯಾಂಕ್ ನೌಕರ. ಆದರೆ ಗೆಲುವು ಸೋಲನ್ನು ನಿರ್ಧರಿಸಿದ್ದು ಹೆಸರಲ್ಲ. ಒಬ್ಬರು ಒಪ್ಪಿದ ಅವಧಿ ಮುಗಿಸಿ ಹೊರಟಿದ್ದರು, ಇನ್ನೊಬ್ಬರು ನಡುವೆ ಹೊರಟಿದ್ದರು. ನಾನು ಯಾವ ಸಾಲಿನವನು ಎಂಬುದು ನನಗೆ ಗೊತ್ತಾಯಿತು. ಕಂಪನಿಯನ್ನು ಬೈಯುವ ಮೊದಲು ನನ್ನ ಕಿವಿಯನ್ನು ನಾನೇ ಹಿಂಡಿಕೊಳ್ಳಬೇಕಿತ್ತು. ಅವರು ಮೂರು ತಿಂಗಳು ತರಬೇತಿ ಕೊಟ್ಟಿದ್ದರು. ನಾನು ಕೊಟ್ಟ ಮಾತನ್ನು ಏನೆಂದು ತಿಳಿಯದೆಯೇ ಕೊಟ್ಟು, ತಿಳಿಯದೆಯೇ ಮುರಿದಿದ್ದೆ.

ಹಾಗೆಂದು ನೋಟಿಸ್ ಬಂದ ಕೂಡಲೇ ಹೆದರಿ ಕೂರಬೇಕಿಲ್ಲ. ವಕೀಲರು ತಿಳಿಸಿದ ಎರಡು ಸಂಗತಿಗಳು ನಮ್ಮ ಮನೆಗೆ ಉಸಿರು ತಂದವು. ಒಂದು, ಇಂಥ ಕೆಲಸಗಳಲ್ಲಿ ‘ವಾಪಸು ಬಂದು ದುಡಿ’ ಎಂದು ಕೋರ್ಟ್ ಒತ್ತಾಯಿಸುವುದಿಲ್ಲ. ಪ್ರಶ್ನೆ ಏನಿದ್ದರೂ ಪರಿಹಾರದ್ದು. ಎರಡು, ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕಾಗದದಲ್ಲಿ ಬರೆದ ಮೊತ್ತವೇ ಕಡೆಯ ಮಾತಲ್ಲ. ಅದು ಮೇಲ್ಮಿತಿ ಮಾತ್ರ; ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು. ಇದನ್ನು ಮುಂದಿಟ್ಟು ಕಂಪನಿಯ ಜೊತೆ ಮಾತಾಡಿದೆವು. ನಲವತ್ತು ಸಾವಿರಕ್ಕೆ ಒಪ್ಪಿದರು. ನಾಲ್ಕು ಕಂತಿನಲ್ಲಿ ಕಟ್ಟಿದೆ. ಹೆಚ್ಚು ಸಿಗುತ್ತದೆಂದು ಓಡಿದ ನಾಲ್ಕು ಸಾವಿರದ ಲೆಕ್ಕದಲ್ಲಿ ಅದು ಹತ್ತು ತಿಂಗಳ ದುಡಿಮೆ.

ಇಲ್ಲಿ ನನ್ನದೊಂದು ತಕರಾರು ಇದೆ. ಕಾನೂನು ತಾರೆಗೂ ನಮಗೂ ಒಂದೇ, ನಿಜ. ಆದರೆ ತಾರೆಯ ಪಕ್ಕದಲ್ಲಿ ಮ್ಯಾನೇಜರ್ ಇರುತ್ತಾರೆ, ವಕೀಲರು ಇರುತ್ತಾರೆ. ಒಂದೊಂದು ಸಾಲಿಗೂ ಚೌಕಾಸಿ ನಡೆಯುತ್ತದೆ. ದಾವಣಗೆರೆಯ ಕಾಲೇಜಿನಿಂದ ಮೊದಲ ಬಾರಿ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದ ಹುಡುಗ ಹುಡುಗಿಗೆ ಸಿಗುವುದು ಹತ್ತು ನಿಮಿಷ ಮತ್ತು ಒಂದು ಪೆನ್ನು. ಇಂಗ್ಲಿಷ್‌ನಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದ ಷರತ್ತನ್ನು ಅಲ್ಲೇ ಕೂತು ಓದಿದರೆ ಎದುರಿಗಿದ್ದವರು ಏನು ತಿಳಿದಾರೋ ಎಂಬ ಸಂಕೋಚ ಬೇರೆ. ಕೆಲಸವೇ ಕೈತಪ್ಪಿದರೆ ಎಂಬ ಭಯ ಅದಕ್ಕಿಂತ ದೊಡ್ಡದು.

ಬದಲಾಗಬೇಕಾದ್ದು ಇಲ್ಲಿ. ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಟೈ ಕಟ್ಟುವುದು, ಕೈಕುಲುಕುವುದು, ಗ್ರೂಪ್ ಡಿಸ್ಕಷನ್ ಎಲ್ಲವನ್ನೂ ಹೇಳಿಕೊಡುತ್ತವೆ. ಒಂದು ಆಫರ್ ಲೆಟರನ್ನು ಹೇಗೆ ಓದಬೇಕು ಎಂದು ಒಂದು ತಾಸು ಹೇಳಿಕೊಟ್ಟರೆ ಗಂಟೇನೂ ಹೋಗುವುದಿಲ್ಲ. ದಾವಣಗೆರೆಯಲ್ಲೇ ಆರ್.ಎಲ್. ಕಾನೂನು ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಕ್ಯಾಂಪಸ್ ಆಯ್ಕೆಯ ದಿನಗಳಲ್ಲಿ ಉಳಿದ ಕಾಲೇಜುಗಳಿಗೆ ಬಂದು ಒಂದು ಮೇಜು ಹಾಕಿ ಕೂತರೂ ಸಾಕು, ಎಷ್ಟೋ ಮನೆಗಳಿಗೆ ನೋಟಿಸ್ ಬರುವುದು ತಪ್ಪುತ್ತದೆ. ವಕೀಲರಿಗೆ ಫೀಸು ಕೊಡಲಾಗದವರಿಗೆ ಕಾನೂನು ಸೇವೆಗಳ ಪ್ರಾಧಿಕಾರವಿದೆ, 15100 ಸಹಾಯವಾಣಿ ಇದೆ. ಇವು ಇರುವುದು ನೋಟಿಸ್ ಬಂದ ಮೇಲಷ್ಟೇ ನಮಗೆ ನೆನಪಾಗಬಾರದು.

ಕಂಪನಿಗಳಿಗೂ ಒಂದು ಮಾತು. ನಿಮ್ಮ ಷರತ್ತು ನ್ಯಾಯವಾಗಿದ್ದರೆ ಅದನ್ನು ಹನ್ನೊಂದನೇ ಪುಟದಲ್ಲಿ ಅಡಗಿಸಿಡುವ ಅಗತ್ಯವೇನಿದೆ? ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೂ ಹಾಕಿ. ನಮ್ಮ ಹರಿಹರದ ಹರಿಹರೇಶ್ವರ ದೇವಸ್ಥಾನದ ಅಂಗಳದಲ್ಲಿ ಶಾಸನದ ಕಲ್ಲುಗಳಿವೆ. ಹಳೆಯ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಶಾಪಾಶಯ ಇರುತ್ತದೆ, ಈ ಧರ್ಮಕ್ಕೆ ತಪ್ಪಿದವರಿಗೆ ಇಂಥ ಪಾಪ ಎಂದು. ಮಾತು ಮುರಿದರೆ ಏನಾಗುತ್ತದೆ ಎಂಬುದನ್ನು ಎಲ್ಲರೂ ಓಡಾಡುವ ಜಾಗದಲ್ಲಿ ಕಲ್ಲಿನಲ್ಲಿ ಕೊರೆದು ನಿಲ್ಲಿಸುತ್ತಿದ್ದರು. ಅಷ್ಟು ನೇರವಾಗಿ ಹೇಳಲು ನಮಗೇಕೆ ಹಿಂಜರಿಕೆ?

ಗೆಳೆಯರೇ, ನಿಮಗೆ ನಾನು ಹೇಳುವುದು ಇಷ್ಟೇ. ಸಹಿ ಹಾಕುವ ಮುನ್ನ ಒಂದು ರಾತ್ರಿ ಸಮಯ ಕೇಳಿ. ಎಷ್ಟು ತಿಂಗಳು ಇರಬೇಕು, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು, ಬಿಟ್ಟ ಮೇಲೆ ಏನಾದರೂ ನಿರ್ಬಂಧ ಇದೆಯೇ ಎಂಬ ಮೂರನ್ನು ಹುಡುಕಿ ಓದಿ. ಜಾಮೀನು ಹಾಕುವವರಿಗೂ ಓದಿ ಹೇಳಿ. ಪ್ರತಿ ಇಟ್ಟುಕೊಳ್ಳಿ. ಒಪ್ಪಿಗೆಯಾದರೆ ಸಹಿ ಹಾಕಿ, ಹಾಕಿದ ಮೇಲೆ ಮಾತಿನಂತೆ ನಡೆಯಿರಿ.

ಕಳೆದ ತಿಂಗಳು ನನ್ನ ತಂಗಿಗೆ ಕೆಲಸ ಸಿಕ್ಕಿತು. ಅವಳು ಹೆದರುತ್ತಲೇ ಸಮಯ ಕೇಳಿದಳು. ‘ಎರಡು ದಿನ ತಗೊಳ್ಳಿ’ ಎಂದರಂತೆ. ಅವತ್ತು ರಾತ್ರಿ ಅವಳು ಒಂದೊಂದೇ ಷರತ್ತನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರೆ, ಅಪ್ಪ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತು ಕೇಳಿದರು. ಎಲ್ಲ ಮುಗಿದ ಮೇಲೆ ಅವರೇ ಪೆನ್ನು ತಂದು ಕೊಟ್ಟರು.